ಎಡಕ್ಕೆ ಹೊರಳದ ತೊಟ್ಟಿ

ನಮ್ಮ ಮನರಂಜನಾ ಪಾರ್ಕಿನಲ್ಲಿ ಒಂದು ಸಿನಿಮಾ, ಜನ ಕೂತು ಸವಾರಿ ಮಾಡುವ ಆಟವಾಗಬೇಕಾದರೆ ಮೊದಲು ಅದು ನನ್ನ ಕೈಯಲ್ಲಿ ಕಾರ್ಡಾಗಬೇಕು. ಟಿಕೆಟ್ ಕೌಂಟರುಗಳ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅಲ್ಲಿ ಕೂತು ನಾನು ಶಬ್ದವಿಲ್ಲದೆ ಸಿನಿಮಾ ನೋಡುತ್ತೇನೆ. ಯಾರಾದರೂ ಓಡಿದಾಗ, ಉರುಳಿದಾಗ, ಮುಳುಗಿದಾಗ, ಬಿದ್ದಾಗ ಚಿತ್ರ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಎಷ್ಟು ಸೆಕೆಂಡು, ಯಾವ ದಿಕ್ಕಿಗೆ, ಎಷ್ಟು ವಾಲಿ ಎಂದು ದಪ್ಪ ಹಳದಿ ಕಾರ್ಡಿನ ಮೇಲೆ ಬರೆಯುತ್ತೇನೆ. ಅದನ್ನು ನೋಡಿಕೊಂಡು ಇಂಜಿನಿಯರು ಸೀಟಿಗೆ ಚಲನೆ ಕೂರಿಸುತ್ತಾನೆ. ತೆರೆಯ ಮೇಲೆ ಕಂಡದ್ದನ್ನು ಮಾತ್ರ ಬರೆಯಬೇಕು, ಊಹಿಸಿದ್ದನ್ನು ಬರೆಯಬಾರದು. ಈ ನಿಯಮವನ್ನು ಮಾಡಿದವಳು ನಾನೇ. ಹನ್ನೊಂದು ವರ್ಷದಲ್ಲಿ ನನ್ನ ಒಂದು ಕಾರ್ಡೂ ತಪ್ಪೆಂದು ವಾಪಸು ಬಂದಿರಲಿಲ್ಲ.

ಹಳೆಯ ಪುಟಾಣಿ ರೈಲನ್ನು ಬಿಚ್ಚಿಹಾಕಿ ಅದರ ಹಾಲ್ ಖಾಲಿ ಬಿದ್ದಿತ್ತು. ಅಲ್ಲಿಗೆ ಯಾವ ಸಿನಿಮಾ ಎಂದು ತೀರ್ಮಾನಿಸಲು ನಾವು ನಾಲ್ವರು ಸೇರಿದೆವು: ಮ್ಯಾನೇಜರು, ಬಟ್ಟೆ ವಿಭಾಗ ನೋಡಿಕೊಳ್ಳುವ, ಎಲ್ಲರೂ ಅಕ್ಕ ಎನ್ನುವ ಹೆಂಗಸು, ನಾವೆಲ್ಲ ಸ್ಪ್ರಿಂಗು ಎಂದು ಕರೆಯುವ ಇಂಜಿನಿಯರು, ಮತ್ತು ನಾನು. ಪಟ್ಟಿಯಲ್ಲಿ ಐದು ಸಿನಿಮಾಗಳಿದ್ದವು.

ಅಕ್ಕ ಪ್ರೇಮದ ಸಿನಿಮಾದ ಪಕ್ಷ. "ಅದನ್ನ ಜನ ಎಷ್ಟು ಸಲ ನೋಡಿದ್ದಾರೆ ಗೊತ್ತಾ? ಅದಕ್ಕಿಲ್ಲದ ಯೋಗ್ಯತೆ ಇನ್ಯಾವುದಕ್ಕಿದೆ?"

"ಅದರಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತೇ ಇರ್ತಾರಲ್ಲಕ್ಕ," ಅಂದ ಸ್ಪ್ರಿಂಗು. "ಸರಿ, ನಾವೂ ಒಂದು ಬೆಂಚು ಹಾಕೋಣ. ಟಿಕೆಟ್ ಹರಿದು ಕೊಡೋಣ. ಕೂತ್ಕೊಂಡು ಎದ್ದು ಹೋಗಲಿ."

"ನಿನಗೆ ಮದುವೆಯಾದ್ರೂ ಬುದ್ಧಿ ಬಂದಿಲ್ಲ."

"ಮದುವೆ ಆದ್ಮೇಲೇ ಬೆಂಚಿನ ಮೇಲೆ ನಂಬಿಕೆ ಹೋಗಿದ್ದು."

ಮ್ಯಾನೇಜರು ನಗಲಿಲ್ಲ. "ಜನ ಅತ್ತಿರೋ ಸಿನಿಮಾ ನಮಗೆ ಬೇಡ. ಅಳೋದಕ್ಕೆ ಸೀಟ್ ಬೆಲ್ಟ್ ಯಾಕೆ? ಜನ ಕುರ್ಚಿ ಹಿಡ್ಕೊಂಡಿರೋ ಸಿನಿಮಾ ಹೇಳಿ." ಅವರ ಬೆರಳು ಪಟ್ಟಿಯ ಕೊನೆಯ ಸಾಲಿಗೆ ಬಂತು. "ಈ ಕಲ್ಲುಕ್ವಾರಿ ಸಿನಿಮಾ ಏನು? ಮೂವತ್ತು ವರ್ಷ ಹಳೇದು."

ಆ ಸಾಲನ್ನು ಪಟ್ಟಿಗೆ ಸೇರಿಸಿದ್ದು ನಾನು. ಯಾಕೆಂದು ಆ ದಿನ ಹೇಳಲಿಲ್ಲ.

ಆ ಸಿನಿಮಾದಲ್ಲಿ, ಕ್ವಾರಿಯ ಮೇಲೆ ತಂತಿಯಲ್ಲಿ ಸಾಗುವ, ಕಲ್ಲು ತುಂಬುವ ತೊಟ್ಟಿಗೆ ನಾಯಕ ಜೋತುಬಿದ್ದಿರುತ್ತಾನೆ. ತಂತಿ ಕಡಿಯುತ್ತದೆ. ತೊಟ್ಟಿಯೊಂದಿಗೆ ಅವನೂ ಬೀಳುತ್ತಾನೆ. ಬಿದ್ದದ್ದು ನಾಯಕನಲ್ಲ, ಅವನ ಡ್ಯೂಪ್, ನನ್ನ ಅಪ್ಪ. ಕೆಳಗೆ ರಟ್ಟಿನ ಪೆಟ್ಟಿಗೆಗಳ ರಾಶಿ ಹಾಕಿದ್ದರು. ಗಾಳಿಗೆ ತೊಟ್ಟಿ ಪಕ್ಕಕ್ಕೆ ಸರಿಯಿತು. ಅಪ್ಪ ರಾಶಿಯ ಅಂಚಿಗೆ ಬಿದ್ದರು, ಸೊಂಟ ಮುರಿಯಿತು. ಆಗ ನನಗೆ ಎಂಟು ವರ್ಷ. ನಾಲ್ಕು ತಿಂಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ಹೋಂವರ್ಕ್ ಮಾಡಿದ್ದೇನೆ. ಯಾವ ಟ್ರಾಲಿಯ ಚಕ್ರ ಕಿರುಗುಟ್ಟುತ್ತದೆ, ಯಾವ ನರ್ಸ್ ಬಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂಬುದೆಲ್ಲ ನನಗೆ ಗೊತ್ತಿತ್ತು. ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅಪ್ಪನ ಹೆಸರಿರಲಿಲ್ಲ.

ಅಂದಿನಿಂದ ಅಪ್ಪನಿಗೆ ಉಳಿದದ್ದು ಆ ಬೀಳುವಿಕೆಯೊಂದೇ. ಮನೆಗೆ ಯಾರೇ ಬರಲಿ, ಗ್ಯಾಸ್ ರಿಪೇರಿಯವನೇ ಆಗಲಿ, ಮಾತು ಹೇಗೋ ಸುತ್ತಿ ಆ ತೊಟ್ಟಿಗೆ ಬಂದು ನಿಲ್ಲುತ್ತಿತ್ತು. "ಇವರು ಬಿದ್ದದ್ದು ಒಂದು ಸಲ," ಎನ್ನುತ್ತಿದ್ದರು ಅಮ್ಮ, "ನಾನು ಕೇಳಿದ್ದು ಸಾವಿರ ಸಲ. ಯಾರ ಸೊಂಟಕ್ಕೆ ಜಾಸ್ತಿ ಏಟಾಗಿದೆ, ನೀವೇ ಹೇಳಿ." ಟೀವಿಯಲ್ಲಿ ಆ ಸಿನಿಮಾ ಬಂದರೆ ಅಪ್ಪ ಎಲ್ಲರನ್ನೂ ಕೂರಿಸುತ್ತಿದ್ದರು. ಆ ಜಾಗ ಬಂದಾಗ ಮಾತ್ರ ಅವರು ತೆರೆ ನೋಡುತ್ತಿರಲಿಲ್ಲ, ನೋಡುವವರ ಮುಖ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವರಿಗೆ ಅದರಿಂದ ಖುಷಿಯೇ ಆಗುತ್ತಿತ್ತು.

ಪಟ್ಟಿಯ ವಿಷಯ ಊಟದ ಹೊತ್ತಿಗೆ ಹೇಳಿದೆ. ಅಪ್ಪ ತಟ್ಟೆಯಿಂದ ಕೈ ತೆಗೆದರು.

"ಬೇರೆ ಯಾವುದಿದೆ?"

ಹೇಳಿದೆ. ಪ್ರೇಮದ್ದು, ಹಡಗಿನದ್ದು, ದೆವ್ವದ ಹಾಸ್ಟೆಲ್, ಲಾಂಡ್ರಿ ಕಳ್ಳರ ಕಾಮಿಡಿ.

"ಒಬ್ಬ ಮೈ ಕೊಟ್ಟಿರೋ ಸಿನಿಮಾಕ್ಕೆ ಸಿಗಬೇಕು ಅದು," ಎಂದರು. "ಉಳಿದದ್ದೆಲ್ಲ ನಟನೆ."

"ನನ್ನ ಕೈಲಿಲ್ಲ ಅಪ್ಪ. ನಾನು ಕಾರ್ಡ್ ಬರೆಯೋಳು ಅಷ್ಟೆ."

"ಬರಿ ಹಾಗಾದ್ರೆ. ಚೆನ್ನಾಗಿ ಬರಿ." ಅಮ್ಮ ಅಡುಗೆಮನೆಗೆ ಹೋದ ಮೇಲೆ, "ಜನ ಸಾಲಾಗಿ ನಿಂತು ನನ್ನ ಜಾಗದಲ್ಲಿ ಕೂರ್ತಾರೆ ಅಲ್ವಾ?" ಎಂದು ಕೇಳಿದರು. ಅದಕ್ಕೂ ಮುಂಚೆ ಅವರು ನನ್ನಿಂದ ಏನನ್ನಾದರೂ ಬೇಕೆಂದು ಕೇಳಿದ್ದು ನನಗೆ ನೆನಪಿಲ್ಲ. ನೋವಿನ ಮಾತ್ರೆಯನ್ನೂ ಕೇಳಿದವರಲ್ಲ, ತಾವೇ ಗೋಡೆ ಹಿಡಿದುಕೊಂಡು ಹೋಗಿ ತೆಗೆದುಕೊಳ್ಳುವವರು.

ಮರುದಿನ ಆ ಸಿನಿಮಾ ಹಾಕಿದೆ. ಕೆಲಸದಲ್ಲಿ ಕಣ್ಣು ಮುಚ್ಚುವಂತಿಲ್ಲ.

ತಂತಿ ಕಡಿಯಿತು. ತೊಟ್ಟಿ ಕಳಚಿತು. ನಿಲ್ಲಿಸಿದೆ, ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದೆ. ನೀಲಿ ಅಂಗಿಯ ಮೈ ಬೀಳುತ್ತಿತ್ತು, ಮೊಣಕೈ ಮಡಚುತ್ತಿರಲಿಲ್ಲ. ಇನ್ನೂ ಮೂರು ಚಿತ್ರ ಮುಂದೆ ಹೋದೆ. ಗಾಳಿಗೆ ಪ್ಯಾಂಟಿನ ಒಂದು ಕಾಲು ಚಪ್ಪಟೆಯಾಗಿ ಹಿಂದಕ್ಕೆ ಮಡಚಿಕೊಂಡಿತ್ತು. ಒಳಗೆ ಕಾಲಿರಲಿಲ್ಲ. ಮುಖದ ಜಾಗದಲ್ಲಿ ಹೊಲಿಗೆ ಕಾಣುತ್ತಿತ್ತು.

ಗೊಂಬೆ. ಅಪ್ಪ ಗಾಳಿಗೆ ಸರಿದು ಕ್ಯಾಮೆರಾದ ಚೌಕಟ್ಟಿನಿಂದ ಆಚೆ ಹೋಗಿರಬೇಕು. ಅವರು ಆಸ್ಪತ್ರೆಯಲ್ಲಿದ್ದಾಗ ಸಿನಿಮಾದವರು ಗೊಂಬೆ ಕಟ್ಟಿ ಮತ್ತೆ ಬೀಳಿಸಿ ಮುಗಿಸಿದ್ದಾರೆ. ಹೇಳುವ ಅಗತ್ಯ ಯಾರಿಗೂ ಕಂಡಿಲ್ಲ.

ಹೇಳಿದರೆ ಅಪ್ಪನ ಬಳಿ ಉಳಿಯುವುದೇನು? ಮುರಿದ ಸೊಂಟ ಮಾತ್ರ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ. ಹೀಗೆ ಚಿತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುವವಳು ಪಾರ್ಕಿನಲ್ಲಿ ನಾನೊಬ್ಬಳೇ. ಕಾರ್ಡು ತುಂಬಿಸಿದೆ. ಸಮಯ, ಎರಡು ಸೆಕೆಂಡಿಗೆ ಸ್ವಲ್ಪ ಕಡಿಮೆ. ದಿಕ್ಕು, ನೇರ ಕೆಳಗೆ. ವಾಲುವಿಕೆ, ಇಲ್ಲ. ಗೊಂಬೆ ಎಂದು ಬರೆಯಲು ಕಾರ್ಡಿನಲ್ಲಿ ಜಾಗವಿಲ್ಲ, ಹಾಗಾಗಿ ಬರೆಯಲಿಲ್ಲ. ಆ ಕ್ಷಣ ಅದು ಸುಳ್ಳಲ್ಲ ಎನಿಸಿತ್ತು.

ಮುಂದಿನ ಸಭೆಯಲ್ಲಿ ಮೊದಲ ಬಾರಿಗೆ ಒಂದು ಸಿನಿಮಾದ ಪರವಾಗಿ ಮಾತಾಡಿದೆ. ಡ್ಯೂಪ್ ಯಾರೆಂದೂ ಹೇಳಿದೆ. ಮ್ಯಾನೇಜರು ಪೆನ್ನು ಕೆಳಗಿಟ್ಟರು.

"ನಿಮ್ಮಪ್ಪನಾ? ಇದ್ದಾರಾ ಇನ್ನೂ?"

"ಇದ್ದಾರೆ."

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲೇ," ಎಂದರು ಅಕ್ಕ. ಅವರ ಪ್ರೇಮದ ಸಿನಿಮಾ ಅಲ್ಲಿಗೆ ಬಿದ್ದುಹೋಯಿತು. ಬಾಗಿಲಲ್ಲಿ ಅಪ್ಪನ ಹೆಸರಿನ ದೊಡ್ಡ ಫಲಕ ಹಾಕಬೇಕು, ಈ ಬೀಳುವಿಕೆಯನ್ನು ನಿಜವಾಗಿ ಬಿದ್ದವರು ಇವರು ಎಂದು ಬರೆಸಬೇಕು ಎಂದು ಮ್ಯಾನೇಜರೇ ಸೂಚಿಸಿದರು. ಸುದ್ದಿ ತಿಳಿಸಿದ ದಿನ ಅಪ್ಪ ಗಡ್ಡ ಬೋಳಿಸಿಕೊಂಡು ಬಂದು, ಅಕ್ಷರ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದರು.

ಕೆಲಸ ಐದು ತಿಂಗಳು ನಡೆಯಿತು. ಸೀಟುಗಳನ್ನು ಕಲ್ಲಿನ ತೊಟ್ಟಿಯ ಆಕಾರದಲ್ಲಿ ಮಾಡಿದರು. ಸೀಟು ನಿಜವಾಗಿ ಇಳಿಯುವುದು ಒಂದಾಳೆತ್ತರ ಅಷ್ಟೇ, ಉಳಿದದ್ದನ್ನು ಎದುರಿನ ತೆರೆಯೂ ಫ್ಯಾನುಗಳೂ ಮಾಡುತ್ತವೆ. ಒಂದು ಮಧ್ಯಾಹ್ನ ಸ್ಪ್ರಿಂಗು ನನ್ನ ಕಾರ್ಡು ಹಿಡಿದುಕೊಂಡು ಬಂದ.

"ಮೇಡಂ, ಇದು ಬರೀ ನೇರ ಬೀಳುತ್ತೆ, ಸಪ್ಪೆ. ಒಂದು ಕಡೆ ಹೊರಳಿಸ್ಲಾ? ಎಡಕ್ಕೋ ಬಲಕ್ಕೋ ನೀವೇ ಹೇಳಿ. ಒಂದು ಸೆಕೆಂಡ್ ಜಾಸ್ತಿನೂ ಮಾಡ್ತೀನಿ."

"ಸಿನಿಮಾದಲ್ಲಿ ಹಾಗಿಲ್ಲ," ಎಂದೆ.

"ಯಾರು ನೋಡ್ತಾರೆ?"

"ಇಲ್ಲದ್ದನ್ನ ಹಾಕೋದು ಬೇಡ."

ಅವನು ಭುಜ ಹಾರಿಸಿ ಹೋದ. ಒಂದು ದೊಡ್ಡದನ್ನು ಮುಚ್ಚಿಟ್ಟಿದ್ದ ನಾನು ಉಳಿದ ಸಣ್ಣ ಸಣ್ಣದರಲ್ಲಿ ಎಂದಿಗಿಂತ ಕಟ್ಟುನಿಟ್ಟಾಗಿದ್ದೆ. ಅಪ್ಪನ ಮೈಗೆ ಏನು ನೆನಪಿರಬಹುದು ಎಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ಅವರು ಕಥೆ ಹೇಳುವಾಗ ನಾನು ಕಿವಿಗೊಟ್ಟು ಕೇಳುತ್ತಿದ್ದದ್ದು ಪೆಟ್ಟಿಗೆಗಳು ಬರುವ ತನಕ ಮಾತ್ರ. ಆಮೇಲೆ ಏನಾದರೂ ನೆಪ ಮಾಡಿ ಎದ್ದುಹೋಗುತ್ತಿದ್ದೆ.

ಪಾರ್ಕು ತೆರೆಯುವ ಮುಂಚೆ, ಒಂದು ಬೆಳಿಗ್ಗೆ, ಮೊದಲ ಸವಾರಿಗೆ ಅಪ್ಪನನ್ನು ಕರೆಸಿದರು. ಮೈಯಲ್ಲಿ ಲೋಹದ ತುಂಡಿರುವವರಿಗೆ ಪ್ರವೇಶವಿಲ್ಲ ಎಂದು ಬಾಗಿಲಲ್ಲೇ ಬರೆದಿತ್ತು, ಅಪ್ಪನ ಸೊಂಟದಲ್ಲಿ ಅದಿತ್ತು. ಸ್ಪ್ರಿಂಗು ಆ ಸವಾರಿಗೆ ಮಾತ್ರ ಕೊನೆಯ ಕುಲುಕಾಟವನ್ನು ತೆಗೆದು, ಎರಡೆರಡು ಸಲ ತಾನೇ ಕೂತು ನೋಡಿ ಒಪ್ಪಿದ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಫಲಕದ ಮುಂದೆ ನಿಂತು, ಊರುಗೋಲನ್ನು ನನಗೆ ಕೊಟ್ಟು, ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

"ಉದ್ದ ಇದೆ," ಎಂದರು. "ನನ್ನ ಹೆಸರು ಇಷ್ಟುದ್ದ ಅಂತ ಗೊತ್ತಿರಲಿಲ್ಲ."

ನಾನು ಯಂತ್ರದ ಕೋಣೆಯಲ್ಲಿ, ಸೀಟುಗಳನ್ನು ತೋರಿಸುವ ಪುಟ್ಟ ಪರದೆಯ ಮುಂದೆ ನಿಂತಿದ್ದೆ. ಎಲ್ಲಕ್ಕೂ ಮುಂದಿನ ತೊಟ್ಟಿಯಲ್ಲಿ ಅಪ್ಪ ಒಬ್ಬರೇ. ದೀಪ ಆರಿತು. ತಂತಿಯ ಸದ್ದು, ಗಾಳಿ. ತಂತಿ ಕಡಿಯುವುದಕ್ಕಿಂತ ಸ್ವಲ್ಪ ಮೊದಲೇ ಅಪ್ಪನ ಗಲ್ಲ ಎದೆಗೆ ಅಂಟಿತು. ಕೈಗಳು ಅಡ್ಡವಾಗಿ ಎದೆಯ ಮೇಲೆ ಬಂದವು. ಸೀಟು ಇಳಿಯಿತು. ಅದರ ಜೊತೆಗೇ ಅವರ ಎಡ ಭುಜ ಮುಂದೆ ಹೋಯಿತು, ಇಡೀ ಮೈ ಎಡಕ್ಕೆ ತಿರುಚಿತು. ಬೆಲ್ಟು ಹಿಡಿದು ನಿಲ್ಲಿಸಿತು. ಸೀಟು ನೇರ ಕೆಳಗಿಳಿದು ನಿಂತಿತು. ದೀಪ ಹತ್ತಿದಾಗಲೂ ಅಪ್ಪ ಬೆಲ್ಟಿನೊಳಗೆ ಎಡಕ್ಕೇ ತಿರುಗಿಕೊಂಡಿದ್ದರು, ಇನ್ನೂ ಏನೋ ಬರಬೇಕೆಂದು ಕಾಯುವವರ ಹಾಗೆ.

ಮೂವತ್ತು ವರ್ಷದಲ್ಲಿ ಮೊದಲ ಬಾರಿ ಅವರ ಎದುರಿಗೆ ನೋಡುಗರ ಮುಖಗಳಿರಲಿಲ್ಲ, ತೆರೆ ಮಾತ್ರ ಇತ್ತು. ಅದರಲ್ಲಿ ಬೀಳುತ್ತಿದ್ದ ನೀಲಿ ಅಂಗಿಯ ಮೈಯನ್ನು ಅವರು ನೋಡಿದ್ದರು.

"ಹೇಗಿತ್ತು ಸರ್?" ಮ್ಯಾನೇಜರು ಕೈಹಿಡಿದು ಎಬ್ಬಿಸಿದರು. "ಅವತ್ತಿನ ಹಾಗೇ ಇತ್ತಾ?"

ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ನನ್ನತ್ತ ಅಪ್ಪ ನೋಡಿದರು. ಬೇರೆಯವರ ಮುಖ ಓದುವುದರಲ್ಲಿ ಪಳಗಿದ ಕಣ್ಣು ಅದು, ನಾನು ತಿರುಗಿಕೊಳ್ಳುವಷ್ಟರಲ್ಲಿ ಓದಿಯಾಗಿತ್ತು.

"ಹಾಗೇ ಇತ್ತು," ಎಂದರು. "ಎಲ್ಲ ಹಾಗೇ."

ಹಿಂತಿರುಗುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಬದಿ ಕೂತರು. ಮೂರನೆಯ ಸ್ಟಾಪಿನಲ್ಲಿ ನನ್ನತ್ತ ತಿರುಗಿದರು.

"ನಾನು ಎಡಕ್ಕೆ ಹೊರಳಿದ್ದೆ. ಇಲ್ಲಾಂದ್ರೆ ತಲೆ ಹೋಗ್ತಿತ್ತು. ಮೂರು ಎಣಿಸಿದ್ದೆ. ಇದು ಎರಡಕ್ಕೇ ಮುಗೀತು."

ನಾನು ಅವರ ಊರುಗೋಲನ್ನು ಮಡಿಲಿಗೆಳೆದುಕೊಂಡೆ.

"ತೆರೆ ಮೇಲೆ ಬಿದ್ದದ್ದು ಯಾರು?"

"ಗೊಂಬೆ ಅಪ್ಪ."

"ಗೊಂಬೆ." ಕಿಟಕಿಯ ಗಾಜಿಗೆ ತಲೆ ಒರಗಿಸಿದರು. "ಮತ್ತೆ ನಿನಗೆ ಯಾವಾಗ ಗೊತ್ತಾಯ್ತು?"

"ಕಾರ್ಡ್ ಬರೆದಾಗ."

"ಅವತ್ತೇ ಹೇಳಿದ್ರೆ ನಾನು ಅಲ್ಲಿಗೆ ಬರ್ತಾ ಇರಲಿಲ್ಲ," ಎಂದರು. ಬೈಯುವ ದನಿಯಾಗಿರಲಿಲ್ಲ ಅದು, ಎಂಥದ್ದೋ ವಿಳಾಸ ವಿಚಾರಿಸುವವರ ದನಿ.

"ಫಲಕ ತೆಗೆಸ್ಲಾ?"

"ಏನಂತ ಹೇಳಿ ತೆಗೆಸ್ತೀಯ? ನಿನ್ನ ಕೆಲಸ ಹೋಗುತ್ತೆ. ಇರಲಿ ಬಿಡು." ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ, ಕಂಬಿ ಹಿಡಿದುಕೊಂಡರು.

ಆಟ ಚೆನ್ನಾಗಿ ಓಡುತ್ತಿದೆ. ರಜಾ ದಿನಗಳಲ್ಲಿ ಸಾಲು ಐಸ್‌ಕ್ರೀಮ್ ಅಂಗಡಿಯನ್ನೂ ದಾಟುತ್ತದೆ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಅಪರಿಚಿತರು ಅಪ್ಪನ ಹೆಸರನ್ನು ಗಟ್ಟಿಯಾಗಿ ಓದುವುದು ಕೇಳಿಸುತ್ತದೆ. ನಾನು ಈಗ ಹಿಂದಿನ ಬಾಗಿಲಿನಿಂದ ಹೋಗುತ್ತೇನೆ. ಕಾರ್ಡು ಬರೆಯುವಾಗ ಕೈ ತಡೆಯುತ್ತದೆ. ಬರೆದದ್ದನ್ನು ಮೂರು ಮೂರು ಸಲ ನೋಡಿದರೂ ಎಲ್ಲಿ ತಪ್ಪಿದೆ ಎಂದು ತಿಳಿಯುವುದಿಲ್ಲ.

ಅಪ್ಪ ಆ ಕಥೆ ಹೇಳುವುದನ್ನು ಬಿಟ್ಟರು. ಮೊದಲ ವಾರ ಅಮ್ಮ ಗಮನಿಸಲಿಲ್ಲ. ಎರಡನೆಯ ವಾರ ನಲ್ಲಿ ರಿಪೇರಿಯವನು ಬಂದು ಕೆಲಸ ಮುಗಿಸಿ ಹೋದಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನಾಯ್ತು ಇವರಿಗೆ? ಅವನಿಗೆ ಬಿದ್ದ ಕಥೆನೇ ಹೇಳಲಿಲ್ಲ," ಎಂದರು. ಆಮೇಲೆ ಅಮ್ಮನೇ ಒಂದೆರಡು ಸಲ, ಬಂದವರ ಮುಂದೆ, ಮಾತನ್ನು ಕ್ವಾರಿಯತ್ತ ಎಳೆದು ನೋಡಿದರು. ಅಪ್ಪ, "ಅದೆಲ್ಲ ಹಳೇದು," ಎಂದು ಟೀವಿಯ ಸದ್ದು ಹೆಚ್ಚಿಸಿದರು.

ಹೋದ ಭಾನುವಾರ ನನ್ನ ಒಡಹುಟ್ಟಿದ ಅಕ್ಕನ ಮಗಳು ಬಂದಿದ್ದಳು. ಒಂಬತ್ತು ವರ್ಷ. ಪಾರ್ಕಿನಿಂದ ನೇರ ಇಲ್ಲಿಗೇ ಬಂದವಳು, ಮಣಿಕಟ್ಟಿನ ಮೇಲೆ ಟಿಕೆಟಿನ ಕಾಗದದ ಪಟ್ಟಿ ಇನ್ನೂ ಹಾಗೇ ಇತ್ತು. ಚಪ್ಪಲಿಯನ್ನೂ ಬಿಡದೆ, ಟೀವಿ ನೋಡುತ್ತಿದ್ದ ಅಪ್ಪನ ಕುರ್ಚಿಯ ಕೈ ಹಿಡಿದು ನಿಂತಳು.

"ತಾತ, ನಾನು ನಾಲ್ಕು ಸಲ ಬಿದ್ದೆ. ನೀನು ಒಂದೇ ಸಲ. ನಿಜವಾಗ್ಲೂ ಹಾಗೇ ಬಿದ್ಯಾ? ಹೇಳು."

"ನಿನ್ನ ಚಿಕ್ಕಮ್ಮನ್ನ ಕೇಳು," ಎಂದರು ಅಪ್ಪ. "ಅವಳು ಬರೆದಿಟ್ಟಿದ್ದಾಳೆ."

ಹುಡುಗಿ ನನ್ನತ್ತ ತಿರುಗಿದಳು. ಅಮ್ಮನೂ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

"ಅವರು ಎಡಕ್ಕೆ ಹೊರಳಿದ್ರು," ಎಂದೆ. "ಎಡ ಭುಜ ಮುಂದೆ ಮಾಡಿ, ಗಲ್ಲ ಎದೆಗೆ ಒತ್ತಿಕೊಂಡು. ಮೂರು ಎಣಿಸೋಷ್ಟು ಹೊತ್ತು."

ಅವಳು ಯೋಚಿಸಿದಳು. "ಆಟದಲ್ಲಿ ಹಾಗಿಲ್ವಲ್ಲ ಚಿಕ್ಕಮ್ಮ. ಅದು ನೇರ ಬೀಳುತ್ತೆ."

"ಹೌದು. ಆಟದಲ್ಲಿ ಹಾಗಿಲ್ಲ."

"ಯಾಕೆ?"

ಹೇಳಿದೆ. ಗೊಂಬೆಯ ವಿಷಯ, ಖಾಲಿ ಪ್ಯಾಂಟಿನ ಕಾಲು, ಎಲ್ಲ. ಅಮ್ಮ ಒರೆಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಹುಡುಗಿ ಅಪ್ಪನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ತನಗೆ ಮೋಸವಾದಂತೆ ಕೈಯ ಕಾಗದದ ಪಟ್ಟಿಯನ್ನು ಕಿತ್ತು ಸುರುಳಿ ಸುತ್ತಿದಳು. ಕೇಳುವವರ ಮುಖ ನೋಡಲೂ ಅಪ್ಪ ಟೀವಿಯಿಂದ ತಿರುಗಲಿಲ್ಲ.