ಜನವಸತಿ ಇಲ್ಲ

ಟಿವಿಯ ಮೇಲೆ ಸಮುದ್ರ ಅಲ್ಲಾಡದೆ ನಿಂತಿದೆ, ಇಷ್ಟು ನೀಲಿ ಇತ್ತೇ ಅದು, ಇಲ್ಲ, ಕ್ಯಾಮರಾದ ನೀಲಿ ಇರಬೇಕು, ಅಥವಾ ದೆಹಲಿಯ ರೋಹಿಣಿ ಬಡಾವಣೆಯ ಈ ಜನವರಿ ಮಂಜಿನಲ್ಲಿ ನಾಲ್ಕು ದಿನದಿಂದ ಬಿಸಿಲು ಕಾಣದ ಕಣ್ಣಿಗೆ ಯಾವ ನೀಲಿಯೂ ಹೆಚ್ಚೇ — ದಕ್ಷಿಣಾಮೂರ್ತಿ ಶಾಲು ಎಳೆದುಕೊಂಡರು, ಹೀಟರ್ ಕಾಲು ಸುಡುತ್ತಿದೆ, ಬೆನ್ನಿಗೆ ಮಾತ್ರ ಚಳಿ, ಮಗಳು ಅನನ್ಯಾ ಕ್ಯಾಮರಾವನ್ನು ಟಿವಿಗೆ ಸಿಕ್ಕಿಸಿ ಅಂಡಮಾನಿನ ಫೋಟೋಗಳನ್ನು ಒಂದೊಂದಾಗಿ ಒತ್ತುತ್ತಿದ್ದಾಳೆ, ಮೂವತ್ತೊಂದು, ಮೂವತ್ತೆರಡು, ಮೂಲೆಯಲ್ಲಿ ನಂಬರು ಮೂಡುತ್ತದೆ, ನಲವತ್ತನೆಯದು ಯಾವುದೆಂದು ಅವರಿಗೆ ಗೊತ್ತು, ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕದ್ದು ನೋಡಿದ್ದರು, ಅಳಿಸುವ ಗುಂಡಿ ಯಾವುದೆಂದು ತಿಳಿಯದೆ ಇಟ್ಟುಬಿಟ್ಟಿದ್ದರು, ಮೂವತ್ತೈದು ವರ್ಷ ಇಲಾಖೆಯ ಫೈಲುಗಳನ್ನು ಮುಳುಗಿಸಿ ತೇಲಿಸಿದ ಮಹಾನುಭಾವನಿಗೆ ಒಂದು ಗುಂಡಿ ಸಿಗಲಿಲ್ಲ. ಎಲ್‌ಟಿಸಿ ಅಂದ್ರೆ ಇದು ಸರ್, ಸರ್ಕಾರದ ಖರ್ಚಲ್ಲಿ ಅಂಡಮಾನು, ನಮ್ದೆಲ್ಲ ಬರೀ ವೈಷ್ಣೋದೇವಿ, ಅನ್ನುತ್ತಿದ್ದಾನೆ ಇಂದುಶೇಖರ, ಕೈಕೆಳಗಿನ ಹುದ್ದೆಯವನು, ಲಕ್ಷ್ಮೀ ನಗರದಿಂದ ಭಾನುವಾರವೂ ಬಸ್ಸು ಬದಲಿಸಿ ಬಂದಿದ್ದಾನೆ, ಹೆಂಡತಿ ಪದ್ಮಾ ಕೊಟ್ಟ ಕೋಡುಬಳೆ ಮುರಿಯುತ್ತ ನಡುನಡುವೆ ಚೀಲ ಸವರುತ್ತಾನೆ, ಚೀಲದಲ್ಲಿ ಫೈಲು ಇದೆ, ಹೇಗೂ ಹೋಗಿ ಬಂದಿದೀರಿ ಸರ್, ಪಕ್ಕದ ದ್ವೀಪದ್ದೇ ಇದು, ಎರಡನೇ ರೆಸಾರ್ಟು, ನಿಮ್ಮ ಹಳೇ ನೋಟನ್ನೇ ಇಟ್ಕೊಂಡು ಡ್ರಾಫ್ಟ್ ಮಾಡಿದೀನಿ, ರಿಟೈರ್ ಆಗೋಕೆ ಮೊದ್ಲು ಒಂದು ಸೈನ್.

ಹಳೇ ನೋಟು. ಅದರ ವಾಕ್ಯವೊಂದು ಅವರಿಗೆ ಬಾಯಿಪಾಠ, ದ್ವೀಪದಲ್ಲಿ ಜನವಸತಿ ಇಲ್ಲ, ಇಪ್ಪತ್ತೊಂಬತ್ತು ವರ್ಷದ ಕೆಳಗೆ ತಾವೇ ಬರೆದದ್ದು, ಹೊಸದೊಂದು ಬರೆಯುವಾಗ ಹಿಂದಿನ ಫೈಲಿನಿಂದ ಎತ್ತಿ ಅಂಟಿಸುವುದು ಇಲಾಖೆಯ ಪದ್ಧತಿ, ಅದನ್ನು ಇಂದುಶೇಖರನಿಗೆ ಕಲಿಸಿದವರೂ ತಾವೇ — ಮೂವತ್ತಮೂರು, ಪದ್ಮಾ ದೊಡ್ಡ ಹ್ಯಾಟು ಹಾಕಿಕೊಂಡು ನಗುತ್ತಿದ್ದಾಳೆ, ಬೆನ್ನ ಹಿಂದೆ ರೆಸಾರ್ಟಿನ ಸಾಲು ಕುಟೀರಗಳು, ಆಗ ಅಲ್ಲಿ ಇದ್ದದ್ದು ಏಳೋ ಎಂಟೋ ತಾಳೆಗರಿಯ ಗುಡಿಸಲು, ಒಂದು ಬಾವಿ, ಸ್ಥಳ ಪರಿಶೀಲನೆಗೆಂದು ದೋಣಿಯಿಂದ ಇಳಿದು ಬಿಸಿಲಿಗೆ ತಲೆ ತಿರುಗಿ ಕೂತ ತಮಗೆ ನೀರು ಸೇದಿ ಕೊಡಲು ಓಡಿಬಂದ ಏಳು ವರ್ಷದ ಹುಡುಗಿ, ಹಗ್ಗ ಜಾರಿತು, ರಾಟೆಯಲ್ಲಿ ಬೆರಳು ಸಿಕ್ಕಿತು, ಎಡಗೈಯ ನಡುಬೆರಳು, ತುದಿ ಹೋಯಿತು, ಅವಳು ಅಳಲಿಲ್ಲ, ಬಾಯಿ ತೆರೆದುಕೊಂಡು ಅವರ ಮುಖವನ್ನೇ ನೋಡಿದಳು, ಅವರ ಕರವಸ್ತ್ರ ಕೆಂಪಾಯಿತು, ತಮ್ಮ ಕೈಯಾರೆ ಕಟ್ಟಿದ್ದರು, ಆ ರಕ್ತ ಉಗುರಿನ ಸಂದಿಯಿಂದ ಹೋಗುವ ಮೊದಲೇ ದೆಹಲಿಗೆ ಬಂದು ಬರೆದರು, ಜನವಸತಿ ಇಲ್ಲ. ಇವರಿಗೆ ಪಟ್ಟಾ ಇದೆಯೇನ್ರೀ, ಎಂದಿದ್ದರು ಆಗಿನ ಮೇಲಧಿಕಾರಿ, ರೆಕಾರ್ಡಿನಲ್ಲಿ ಇಲ್ಲದವರು ಇಲ್ಲ, ಅಷ್ಟೇ, ಮರುವರ್ಷ ಪ್ರಮೋಶನ್ ಬಂತು, ಪದ್ಮಾ ಹೋಳಿಗೆ ಮಾಡಿದ್ದಳು, ಹೊಟ್ಟೆ ತುಂಬ ತಿಂದರು, ನಿದ್ದೆಯೂ ಬಂತು, ನಾಚಿಕೆಗೇಡು, ನಿದ್ದೆ ಚೆನ್ನಾಗಿಯೇ ಬಂತು.

ಮೂವತ್ತೇಳು, ಬಾವಿ, ಈಗ ಅದರ ಮೇಲೆ ಗಾಜು ಮುಚ್ಚಿ ಒಳಗೆ ದೀಪ ಇಟ್ಟಿದ್ದಾರೆ, ಅನನ್ಯಾ ಗಾಜಿನ ಮೇಲೆ ನಿಂತು ಎರಡು ಬೆರಳು ಎತ್ತಿದ್ದಾಳೆ, ಅಂಕಲ್, ಕಿತ್ನಾ ಕೂಲ್ ಹೈ ನಾ, ಅಚ್ಛಾ ಅಚ್ಛಾ, ಅನ್ನುತ್ತಾನೆ ಇಂದುಶೇಖರ, ಚಹಾ ಆರುತ್ತಿದೆ ಕುಡೀರಿ, ಅನ್ನುತ್ತಾಳೆ ಪದ್ಮಾ, ಮೂವತ್ತೆಂಟು, ಸಂಜೆ, ರೆಸಾರ್ಟಿನ ಕೆಲಸದವರನ್ನು ತುಂಬಿಕೊಂಡು ಹೊರಟ ದೋಣಿ, ಅವರು ಇಲ್ಲಿ ಉಳಿಯುವಂತಿಲ್ಲ, ಪಕ್ಕದ ದ್ವೀಪಕ್ಕೆ ಹೋಗುತ್ತಾರೆ, ಇಲ್ಲಿಂದ ಎಬ್ಬಿಸಿದ ಮೇಲೆ ಅಲ್ಲಿ ಹೋಗಿ ಗುಡಿಸಲು ಹಾಕಿಕೊಂಡವರು, ಅಲ್ಲಿಯ ಒಲೆಗಳ ಹೊಗೆ ಈ ದಡಕ್ಕೆ ಕಾಣುತ್ತದೆ, ಈ ಸಲ ತಾವೇ ನಿಂತು ನೋಡಿದ್ದರು, ಆ ದ್ವೀಪವೇ ಈಗ ಚೀಲದಲ್ಲಿದೆ, ಮೂವತ್ತೊಂಬತ್ತು, ಏನೋ ಮೀನು, ಬೇಗ ಒತ್ತು ಮಗಳೇ, ಇಲ್ಲ, ಒತ್ತಬೇಡ.

ನಲವತ್ತು. ಎಳನೀರು ಕೊಡುತ್ತಿರುವ ಹೆಂಗಸು, ರೆಸಾರ್ಟಿನ ಹೂವಿನ ಸಮವಸ್ತ್ರ, ಎದುರಿಗೆ ತಾವು, ಪಾಪಾ, ದೇಖೋ, ನಿಮ್ಮ ಫೇಸ್ ಎಷ್ಟು ಟೆನ್ಸ್ ಇದೆ, ಎಳನೀರಿಗೂ ಹೆದರ್ತೀರಾ, ಎಲ್ಲರೂ ನಕ್ಕರು, ಆ ಹೆಂಗಸನ್ನು ಅವರು ಅಲ್ಲಿ ಕೇಳಿದ್ದರು, ಇಲ್ಲಿ ಮೊದಲು ಯಾರಿದ್ದರು ಎಂದು, ಅತಿಥಿಗಳಿಗೆ ಹೇಳಬೇಕೆಂದು ಕಲಿಸಿದ್ದನ್ನು ಅವಳು ನಗುತ್ತಲೇ ಒಪ್ಪಿಸಿದ್ದಳು, ಪೆಹಲೇ ಯಹಾಂ ಕೋಯೀ ನಹೀಂ ಥಾ ಸರ್, ಮೊದಲು ಇಲ್ಲಿ ಯಾರೂ ಇರಲಿಲ್ಲ, ಗುರುತು ಹಿಡಿದಳೋ ಇಲ್ಲವೋ, ಕಣ್ಣು ನೋಡುವ ಧೈರ್ಯ ಇರಲಿಲ್ಲ, ಕೈಯನ್ನೇ ನೋಡಿದ್ದರು. ಆ ಪಕ್ಕದ್ದೂ ಹೀಗೇ ತಾನೆ ಸರ್, ಯಾರೂ ಇಲ್ಲ ತಾನೆ, ಎಂದು ಇಂದುಶೇಖರ ಫೈಲು ತೆಗೆದು ಹೀಟರಿನ ಪಕ್ಕ ತೊಡೆಯ ಮೇಲಿಟ್ಟ, ಇದ್ದಾರೆ, ಎಂದರು ದಕ್ಷಿಣಾಮೂರ್ತಿ, ದನಿ ತಮ್ಮದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು, ಇದ್ದಾರೆ, ನಾನು ಸೈನ್ ಮಾಡಲ್ಲ. ಪದ್ಮಾ ತಟ್ಟೆ ಹಿಡಿದಲ್ಲೇ ನಿಂತಳು. ರೆಕಾರ್ಡಲ್ಲಿ ಒಬ್ರೂ ಇಲ್ವಲ್ಲ ಸರ್, ಚಲೋ, ನೀವು ಹೇಳಿ, ನಾನೇ ಬರ್ಕೊಳ್ತೀನಿ, ಎಂದು ಅವನು ಪೆನ್ನಿನ ಮುಚ್ಚಳ ತೆಗೆದ, ಯಾರಿದಾರೆ, ಒಂದು ಹೆಸರು ಕೊಡಿ — ಹೆಸರು, ಆಗಲೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ, ಕರವಸ್ತ್ರ ಕಟ್ಟಿದರು, ಎಳನೀರು ಕುಡಿದರು, ಕೇಳಲಿಲ್ಲ, ಟಿವಿಯಲ್ಲಿ ಎಳನೀರಿನ ಹಸಿರು, ಅದನ್ನು ಹಿಡಿದ ಎಡಗೈ, ನಾಲ್ಕು ಬೆರಳಿಗೆ ಉಗುರಿದೆ, ನಡುವಿನದಕ್ಕೆ ಇಲ್ಲ, ನಡುವಿನದಕ್ಕೆ ತುದಿಯೇ ಇಲ್ಲ.