ಮೂರನೆಯ ಸಾಲಿನ ತುಟಿಗಳು

ಅವನ ಮಗಳು ಹುಟ್ಟುವ ಮೊದಲೇ ಮಗ್ಗಿ ಹೇಳುತ್ತಿದ್ದಳು. ಹೆಂಡತಿಯ ಹೊಟ್ಟೆಗೆ ಕಿವಿಯಿಟ್ಟರೆ ಹದಿನೇಳರ ಮಗ್ಗಿ ಗಂಟೆ ಹೊಡೆದಂತೆ ಕೇಳಿಸುತ್ತಿತ್ತು. ಹದಿನೇಳೆಂಟ್ಲ ಎನ್ನುವಲ್ಲಿ ಒಮ್ಮೆ ಮಾತ್ರ ತಡವರಿಸಿ, ಸಿಟ್ಟಿಗೆ ಒದ್ದಿದ್ದಳಂತೆ.

ಶಾಲೆಯ ಸಭಾಂಗಣದ ಮೂರನೆಯ ಸಾಲಿನಲ್ಲಿ ಕೂತು ಅವನು ಇದನ್ನು ಪಕ್ಕದ ಕುರ್ಚಿಯ ಹಲ್ಲಿನ ಡಾಕ್ಟರಿಗೆ ಹೇಳಿದ. ಡಾಕ್ಟರು ಬಾಯಿಗಳನ್ನು ಕಂಡು ಪಳಗಿದವರು, ನಂಬಲಿಲ್ಲ.

"ಮೊದಲನೇ ಮಾತು ಯಾವುದು?" ಎಂದರು.

"ಅಪ್ಪ. ಅದೂ ಒತ್ತಕ್ಷರ ಸರಿಯಾಗಿ."

ಈಚೆ ಬದಿಯಲ್ಲಿದ್ದ ಹೆಂಡತಿ ಕೈಚೀಲದ ಜಿಪ್ಪನ್ನು ಪರ್‍ರೆಂದು ಎಳೆದಳು.

"ನಿಮ್ಮ ಮಗ?" ಎಂದು ಅವನು ಡಾಕ್ಟರನ್ನು ಕೇಳಿದ.

"ನೆನಪಿಲ್ಲ. ಎಲ್ಲರ ಹಾಗೇ."

ಎಲ್ಲರ ಹಾಗೆ. ಅವನ ಮೈ ಉರಿಯಿತು. ಆ ಉರಿಯಲ್ಲಿ ಇಡೀ ಊರಿಗೆ ಸ್ನಾನದ ನೀರು ಕಾಯಿಸಬಹುದಿತ್ತು.

ಬೆಳಗಿನಿಂದಲೂ ಉರಿಯುತ್ತಿತ್ತು. ಮಗಳ ಟೈ ಬಿಗಿದು, ಕೊನೆಯ ಸಲ ಭಾಷಣ ಒಪ್ಪಿಸಲು ಹೇಳಿದ್ದ. ಅವಳು ಗೋಡೆ ನೋಡುತ್ತ ಒಪ್ಪಿಸಿದ್ದಳು. ಒಂದು ತಪ್ಪೂ ಇರಲಿಲ್ಲ. ಅದೇ ಅವನನ್ನು ಕೆರಳಿಸಿತು; ತಪ್ಪಿದ್ದರೆ ತಿದ್ದಬಹುದಿತ್ತು.

"ಅಪ್ಪಾ, ಇದರಲ್ಲಿ ನಂದೊಂದು ಸಾಲು ಸೇರಿಸ್ಲಾ?"

"ಯಾವ ಸಾಲು?"

"ಇನ್ನೂ ಗೊತ್ತಿಲ್ಲ. ಅಲ್ಲಿ ನಿಂತಾಗ ಬರ್ಬಹುದು."

"ಮೊದಲು ಗೆಲ್ಲು. ಆಮೇಲೆ ಎಷ್ಟು ಬೇಕಾದ್ರೂ ಸೇರಿಸು."

ಅವಳು ಕೊರಳಿನ ಟೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಿದ್ದಳು.

ಕಂಪನಿಯಲ್ಲಿ ಸಾಹೇಬರ ಭಾಷಣ ಬರೆಯುವುದೇ ಅವನ ಕೆಲಸ. ಸಾಹೇಬರು ಎಲ್ಲಿ ನಗಬೇಕು, ಎಲ್ಲಿ ಗದ್ಗದಿತರಾಗಬೇಕು ಎಂಬುದನ್ನೂ ಬರೆದುಕೊಡುತ್ತಿದ್ದ. ಆಫೀಸಿನಲ್ಲಿ ಅವನ ಹೆಸರು ಬಡಾಯಿ. ಇರುವೆ ಅವನ ಬಾಯಿಗೆ ಹೊಕ್ಕರೆ ಆನೆಯಾಗಿ ಹೊರಬರುತ್ತದೆಂದು ನಗುತ್ತಿದ್ದರು. ತನ್ನ ಹೆಸರಿನಲ್ಲಿ ಅವನು ಎಂದೂ ವೇದಿಕೆ ಹತ್ತಿದವನಲ್ಲ.

ಮಗಳು ಹತ್ತಿದ್ದಳು. ಐದನೇ ವಯಸ್ಸಿನಲ್ಲಿ ಚಿಟ್ಟೆಯ ಪದ್ಯ. ಪರದೆಯ ಹಿಂದೆ ಅವನು. ಎಂಟರಲ್ಲಿ ಮರಗಳ ಬಗ್ಗೆ ಭಾಷಣ. ಮೊದಲ ಸಾಲಿನಲ್ಲಿ ಅವನು. ಗೆದ್ದ ಕಪ್ಪುಗಳಿಗೆ ಜಾಗ ಮಾಡಿಕೊಟ್ಟು ಮನೆಯವರು ಅಂಗಳದಲ್ಲಿ ಮಲಗುವ ಕಾಲ ಬಂದಿತ್ತು. ಅವಳು ಮಾತಾಡಿದಲ್ಲೆಲ್ಲ ಅವನ ತುಟಿಗಳು ಸದ್ದಿಲ್ಲದೆ ಜೊತೆಗೆ ಆಡುತ್ತಿದ್ದವು.

ಇವತ್ತಿನ ವಿಷಯ: ಮಕ್ಕಳ ಓದಿಗೆ ಹೆತ್ತವರ ಆಸರೆ.

ಮಗಳು ಬಂದು ಮೈಕಿನ ಮುಂದೆ ನಿಂತಳು. "ಮೂರು ವರ್ಷದ ಮಗುವಿಗೆ ಕತೆ ಹೇಳಿ, ಅಕ್ಷರ ಅದರ ಹಿಂದೆಯೇ ಬರುತ್ತದೆ. ಎಂಟು ವರ್ಷದ ಮಗುವಿನ ಪಕ್ಕ ಕೂರಿ. ಲೆಕ್ಕವನ್ನು ಮಾತ್ರ ಅದೇ ಮಾಡಲಿ."

ಚಪ್ಪಾಳೆಗೆ ಸೂರು ಒಂದು ಗೇಣು ಮೇಲೆದ್ದಿತು.

"ಹದಿಮೂರು ತುಂಬಿದ ಮೇಲೆ…"

ಇಲ್ಲಿ ಒಂದು ಉಸಿರು ನಿಲ್ಲಬೇಕು. ಹಾಗೆಂದು ಬರೆದುಕೊಟ್ಟವನು ಅವನೇ. ಉಸಿರು ಕಳೆಯಿತು. ಅವಳು ಮುಂದುವರಿಯಲಿಲ್ಲ. ಮೂರನೆಯ ಸಾಲನ್ನು ನೋಡುತ್ತಿದ್ದಳು. ಅವನ ಕಣ್ಣುಗಳನ್ನಲ್ಲ, ತುಟಿಗಳನ್ನು. ನೋಡುತ್ತಲೇ ತನ್ನ ತುಟಿಗಳನ್ನು ಬಿಗಿದುಕೊಂಡಳು. ಮರೆತವರ ಮುಖ ಹಾಗಿರುವುದಿಲ್ಲ.

"ಹೆತ್ತವರು ತಮ್ಮ ಬಾಯಿ ಮುಚ್ಚಿ, ಮಗುವಿನ ಮಾತಿಗೆ ಕಿವಿಗೊಡಬೇಕು."

ಇಡೀ ಸಭೆಗೆ ಕೇಳಿಸಿತು. ಧ್ವನಿ ಅವನದು. ಮನೆಯಲ್ಲಿ ಅವಳಿಗೆ ಹೇಳಿಕೊಡುವಾಗ ತೆಗೆಯುತ್ತಿದ್ದ, ಹುಡುಗಿಯ ಸಣ್ಣ ಧ್ವನಿ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಡಾಕ್ಟರು ಯಾವ ಹಲ್ಲು ಕೀಳಬೇಕೆಂದು ಹುಡುಕುವವರಂತೆ ಅವನ ಬಾಯಿಯನ್ನೇ ನೋಡಿದರು.

ಅವನು ದಡಕ್ಕನೆ ಎದ್ದ. ಅವಳಿಗೆಲ್ಲ ಬರುತ್ತದೆ, ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ ಎಂದು ಕೂಗಾಡಿದ. ಹೊಟ್ಟೆಯಲ್ಲಿದ್ದಾಗಲೇ ಮಗ್ಗಿ ಹೇಳಿದವಳು ಎಂದ.

"ಕೂತ್ಕೊಳ್ಳಿ," ಎಂದಳು ಹೆಂಡತಿ. "ನಾಲ್ಕು ವರ್ಷ ಒಂದು ಮಾತಿಗೆ ಕಾದಿದ್ದು ನಾನೂ."

ಮುಂದಿನ ಸಾಲಿನ ತೀರ್ಪುಗಾರ್ತಿ ವೇದಿಕೆಯ ಕಡೆ ನೋಡಿ ಮೆಲ್ಲಗೆ ಕೇಳಿದರು. "ಇದನ್ನ ಬರೆದೋರು ಯಾರಮ್ಮಾ?"

ಮಗಳು ಮತ್ತೆ ಮೂರನೆಯ ಸಾಲಿನ ಕಡೆ ನೋಡಿದಳು.

"ನಾನೇ," ಎಂದ ಅವನು.

ಹೇಳಿದ ಮೇಲೆ ಆ ಪದ ನುಂಗಲಾಗದ ಕಲ್ಲಿನಂತೆ ಬಾಯಲ್ಲೇ ಉಳಿಯಿತು. ಅದೂ ಅವನದಲ್ಲ. ಕುರ್ಚಿಗೆ ಕುಸಿದು, ಯಾರೂ ಕೇಳದಿದ್ದರೂ, ಡಾಕ್ಟರಿಗೆ ಒಪ್ಪಿಸತೊಡಗಿದ. ಮಗ್ಗಿ ಸುಳ್ಳು. ನಾಲ್ಕು ತುಂಬುವವರೆಗೆ ಅವಳು ತುಟಿ ಬಿಚ್ಚಿರಲಿಲ್ಲ. ಬಂದವರು ಹೆಸರು ಕೇಳಿದರೆ ಅವಳ ಪರವಾಗಿ ತಾನೇ ಹೇಳುತ್ತಿದ್ದ. ಅಪ್ಪ ಎಂದದ್ದೂ ಸುಳ್ಳು.

"ಷೂ ಲೇಸು ಕಟ್ಟೋಕೆ ಬಗ್ಗಿದ್ದೆ. ನನ್ನ ಕೈ ತಳ್ಳಿ 'ನಾನೇ' ಅಂದ್ಲು. ಅದೇ ಮೊದಲನೇ ಮಾತು."

"ಆಮೇಲೆ?"

"ನಾನೇ ಕಟ್ಟಿದೆ. ಸ್ಕೂಲಿಗೆ ಹೊತ್ತಾಗಿತ್ತು."

ವೇದಿಕೆಯ ಮೇಲೆ ಮಗಳು ಟೈ ಸಡಿಲಿಸಿ, ಮೈಕಿನ ಹತ್ತಿರ ಮುಖ ತಂದಳು. ಸಭೆ ಕಾಯಿತು. ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಸಾಲದೆಂದು ಇನ್ನೊಂದು ಕೈಯನ್ನೂ ಅದರ ಮೇಲೆ ಒತ್ತಿದ. ಅಡಿಯಲ್ಲಿ ಅವನ ತುಟಿಗಳು, ಕಡಿದು ಬಿದ್ದ ಹಲ್ಲಿಯ ಬಾಲದ ಹಾಗೆ, ಆಡುತ್ತಲೇ ಇದ್ದವು.