ಕೆಂಪು ಬೆಳಕಿನ ಕೆಳಗೆ ಹೆಬ್ಬೆರಳು

ಅಕ್ಕ ಬಟ್ಟೆ ಕತ್ತರಿಸುವವಳು. ಕೋಟಿನ ದಪ್ಪ ಬಟ್ಟೆಯನ್ನು ಪದರಪದರವಾಗಿ ಒಟ್ಟಿ, ಗುರುತು ತಪ್ಪದೆ ಒಂದೇ ಓಟಕ್ಕೆ ಕತ್ತರಿ ಓಡಿಸುವ ಕೈ ಅವಳದು. ಆ ಕೈಯ ಹೆಬ್ಬೆರಳ ಬುಡ ನೋಯತೊಡಗಿತು. ಕತ್ತರಿ ಹಿಡಿಯಲಾರದವಳನ್ನು ದರ್ಜಿ ಅಂಗಡಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

"ನಾನಿಲ್ವಾ? ಬಾ," ಎಂದಳು ತಂಗಿ. ಅವಳು ಆಗಷ್ಟೇ ಕೆಂಪು ಬೆಳಕಿನ ಚಿಕಿತ್ಸಾ ಕೇಂದ್ರ ತೆರೆದಿದ್ದಳು. ಮುಂದೆ ಕಾಯುವ ಕೋಣೆ. ಒಳಗೆ ಮಂಚ, ಆಳೆತ್ತರದ ದೀಪದ ಹಲಗೆ, ಕಣ್ಣಿಗೆ ಕಪ್ಪು ಕನ್ನಡಕ.

"ಇದು ಸುಡೋ ಬೆಳಕಲ್ಲ ಅಕ್ಕ. ಚರ್ಮ ದಾಟಿ ಒಳಗಿಳಿಯುತ್ತೆ. ಜೀವಕೋಶದೊಳಗೆ ಶಕ್ತಿ ತಯಾರಿಸೋ ಪುಟ್ಟ ಒಲೆಗಳಿವೆ ಅಂದ್ಕೊ. ಬೆಳಕು ಬಿದ್ರೆ ಅವು ಚೆನ್ನಾಗಿ ಉರಿಯುತ್ವೆ. ಊತ ಇಳಿಯುತ್ತೆ, ಗಾಯ ಮಾಯುತ್ತೆ, ಕೂದಲೂ ಬರಬಹುದು."

"ಹಾಗಾದ್ರೆ ಮೊದಲು ನಿನ್ನ ಗಂಡನ ತಲೆಗೆ ಹಿಡಿಯೇ."

ತಂಗಿ ನಕ್ಕು, ಕಾಗದದ ಪೊಟ್ಟಣ ಕೈಗಿಟ್ಟಳು. "ಜೊತೆಗೆ ದಿನಾ ಈ ವಿಟಮಿನ್ ಮಾತ್ರೆ. ಮರೀಬೇಡ."

ಕೆಲವೇ ದಿನಗಳಲ್ಲಿ ನೋವು ಹೇಳಹೆಸರಿಲ್ಲದಂತೆ ಹೋಯಿತು. ಅಕ್ಕ ಮೊದಲಿಗಿಂತ ದಪ್ಪ ಬಟ್ಟೆಗೆ ಕೈಹಾಕಿದಳು. ತಂಗಿ ವಿಡಿಯೋ ತೆಗೆದಳು. "ಈ ಬೆಳಕು ನನ್ನ ಕೈ ಉಳಿಸಿತು," ಎಂದು ಅಕ್ಕ ಮನಸಾರೆ ನಗುತ್ತ ಹೇಳಿದಳು. ಅದು ಕಾಯುವ ಕೋಣೆಯ ಟೀವಿಯಲ್ಲಿ ಸುತ್ತಿಸುತ್ತಿ ಬರುತ್ತಿತ್ತು. ಕಂಡಕಂಡವರನ್ನೆಲ್ಲ ಅಕ್ಕ ಅಲ್ಲಿಗೆ ಕಳಿಸಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಕತ್ತರಿ ಕೈಯಿಂದ ಜಾರಿತು. ಹೆಬ್ಬೆರಳು ಮಡಚಲೇ ಇಲ್ಲ.

ಮೂಳೆ ಡಾಕ್ಟರ್ ಎಕ್ಸ್‌ರೇ ನೋಡಿ ಹುಬ್ಬೇರಿಸಿದರು. "ಕೀಲು ಸವೆದು ಮೂಳೆಗೆ ಮೂಳೆ ಉಜ್ಜುತ್ತಿದೆ. ಇಷ್ಟಾಗೋವರೆಗೂ ನೋವೇ ಬರ್ಲಿಲ್ವಾ? ಏನು ತಗೋತಿದ್ರಿ?"

ಅಕ್ಕ ಪೊಟ್ಟಣ ಬಿಚ್ಚಿದಳು. ಮಾತ್ರೆಯ ಮೇಲಿನ ಗುರುತನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ವಿಟಮಿನ್ ಅಲ್ಲಮ್ಮ ಇದು. ಜೋರಾದ ನೋವಿನ ಮಾತ್ರೆ. ಕೈ ಸಾಕು ಸಾಕು ಅಂತ ಕೂಗ್ತಿತ್ತು, ನೀವು ಅದರ ಬಾಯಿಗೆ ಬಟ್ಟೆ ತುರುಕಿ ದುಡಿಸಿದ್ದೀರಿ. ಇನ್ನು ಕತ್ತರಿ ಮರೆತುಬಿಡಿ."

ಅಕ್ಕ ನೇರವಾಗಿ ಕೇಂದ್ರಕ್ಕೆ ಬಂದು ಕೇಳಿದಾಗ ತಂಗಿ ಅಲ್ಲಗಳೆಯಲಿಲ್ಲ. ಮಂಚದ ಹಾಸನ್ನು ಒರೆಸುತ್ತಲೇ ಮಾತಾಡಿದಳು.

"ಬೆಳಕು ನಾಟೋಕೆ ವಾರಗಟ್ಟಲೆ ಬೇಕು ಅಕ್ಕ. ಕೆಲವರಿಗೆ ಆಗುತ್ತೆ, ಕೆಲವರಿಗೆ ಇಲ್ಲ. ಬಾಗಿಲು ತೆಗೆದ ಹೊಸದರಲ್ಲಿ ನನಗೆ ಗುಣವಾದವರು ಒಬ್ಬರಾದ್ರೂ ಬೇಕಿತ್ತು."

"ಅದಕ್ಕೆ ನಾನೇ ಬೇಕಿತ್ತಾ?"

"ನೀನಾದ್ರೆ ಏನೂ ಕೇಳದೆ ನುಂಗ್ತೀಯ ಅಂತ."

ಅಮ್ಮ ಸತ್ತ ಮೇಲೆ ಇವಳಿಗೆ ತುತ್ತು ಮಾಡಿ ಉಣ್ಣಿಸಿದ ಕೈ ಅದು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರು ಕೊಡುವುದು? ಮಾತ್ರೆಯಿಲ್ಲದೆ ಬೆಳಕೊಂದನ್ನೇ ಹಿಡಿದಿದ್ದರೆ, ಕೈಗೆ ವಿಶ್ರಾಂತಿ ಕೊಟ್ಟಿದ್ದರೆ, ಅದರಿಂದಲೇ ಒಂದಿಷ್ಟು ಗುಣ ಸಿಗುತ್ತಿತ್ತೋ ಏನೋ. ಅದನ್ನು ತಿಳಿಯುವ ದಾರಿಯನ್ನೂ ತಂಗಿ ಉಳಿಸಿರಲಿಲ್ಲ.

ಅಕ್ಕ ಕಾಯುವ ಕೋಣೆಗೆ ಬಂದಳು. ಮಣಿಕಟ್ಟು ನೋವಿನ ಅಡುಗೆಯವಳೊಬ್ಬಳು ಕೂತಿದ್ದಳು.

"ಏಳಮ್ಮ, ಮೊದಲು ಮೂಳೆ ಡಾಕ್ಟರಿಗೆ ತೋರಿಸು. ನನ್ನ ನೋವು ಹೋಗಿದ್ದು ಬೆಳಕಿಂದಲ್ಲ. ನನ್ನ ತಂಗಿ ವಿಟಮಿನ್ ಅಂತ ಹೇಳಿ ನೋವಿನ ಮಾತ್ರೆ ಕೊಡ್ತಿದ್ಲು."

ಹಿಂದೆ ಬಂದ ತಂಗಿ ಅಕ್ಕನ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟಳು. "ಪಾಪ, ಅಕ್ಕಂಗೆ ಕೆಲಸ ಹೋಯ್ತು. ಸಂಕಟಕ್ಕೆ ಏನೇನೋ ಆಡ್ತಾಳೆ. ಮನಸ್ಸಿಗೆ ಹಚ್ಕೋಬೇಡಿ."

ಅಡುಗೆಯವಳು ಟೀವಿ ನೋಡಿದಳು, ಅಕ್ಕನನ್ನು ನೋಡಿದಳು.

"ಅಲ್ಲಿ ನೀವೇ ಹೇಳ್ತಿದ್ದೀರಲ್ಲಮ್ಮ, ಅಷ್ಟು ಚೆನ್ನಾಗಿ ನಗ್ತಾ. ಸುಳ್ಳು ಹೇಳಿದ್ದು ಆವತ್ತೋ, ಇವತ್ತೋ?"

ಉತ್ತರಕ್ಕೆ ಕಾಯದೆ ಅವಳು ಎದ್ದು ಒಳಗೆ ಹೋದಳು. ಹೆಗಲ ಮೇಲಿದ್ದ ಕೈಯನ್ನು ಅಕ್ಕ ಕೊಡವಿದಳು. ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು, ಮುಂದೆ ಬರುವವರಿಗಾಗಿ ಕೂತಳು.